ಹೆಲ್ಸಿಂಕಿಯನ್ನು ನೋಡುವ ಬಗೆ

ಯುರೋಪಿನ ಪ್ರವಾಸಕ್ಕೆ ಹೊರಟ ನಮ್ಮವರಲ್ಲಿ ಹೆಲ್ಸಿಂಕಿಯವರೆಗೆ ಹೋಗುವವರು ಕಡಿಮೆ. ಹೋದವರೂ ಒಂದು ಹಗಲನ್ನು ಅಲ್ಲಿ ಕಳೆದು, ಸಂಜೆಯ ಹಡಗಿಗೆ ಸ್ಟಾಕ್‌ಹೋಮಿನ ಕಡೆಗೋ ಟಾಲಿನ್ನಿನ ಕಡೆಗೋ ಹೊರಟುಬಿಡುವುದುಂಟು. ಇದಕ್ಕೆ ಕಾರಣವಿಲ್ಲದಿಲ್ಲ. ರೋಮಿನ ಪ್ರಾಚೀನತೆ ಇಲ್ಲಿಲ್ಲ. ಪ್ಯಾರಿಸ್ಸಿನ ಬೆಡಗು ಇಲ್ಲಿಲ್ಲ. ಈ ದೇಶಕ್ಕೆ ತನ್ನದೇ ಆದ ರಾಜವಂಶವಿಲ್ಲದ್ದರಿಂದ ಸ್ಟಾಕ್‌ಹೋಮಿನಂಥ ಅರಮನೆಯ ವೈಭವವೂ ಇಲ್ಲ. ಜನಸಂಖ್ಯೆ ಏಳು ಲಕ್ಷವನ್ನು ಮುಟ್ಟದ ಈ ರಾಜಧಾನಿಯಲ್ಲಿ ‘ನೋಡತಕ್ಕ ಸ್ಥಳ’ಗಳ ಪಟ್ಟಿ ಬೇಗ ಮುಗಿದುಹೋಗುತ್ತದೆ. ಆದರೆ ತನ್ನ ನುಡಿಯ ಏಳುಬೀಳುಗಳನ್ನು ಕುರಿತು ಎಂದಾದರೂ ಯೋಚಿಸಿದ ಓದುಗನಿಗೆ ಯುರೋಪಿನ ದೊಡ್ಡ ನಗರಗಳು ಹೇಳಲಾರದ ಒಂದು ಕಥೆಯನ್ನು ಹೆಲ್ಸಿಂಕಿ ಹೇಳಬಲ್ಲದು. ಈ ನಗರವನ್ನು ಸ್ಥಾಪಿಸಿದವನು ಸ್ವೀಡನ್ನಿನ ದೊರೆ. ರಾಜಧಾನಿಯಾಗಿ ಕಟ್ಟಿಸಿದವನು ರಷ್ಯದ ಚಕ್ರವರ್ತಿ. ಅದನ್ನು ಕೊನೆಗೆ ತನ್ನದಾಗಿ ಮಾಡಿಕೊಂಡದ್ದು ರೈತರ, ಬೆಸ್ತರ, ಬಡ ದರ್ಜಿಗಳ ಬಾಯಲ್ಲಿ ಮಾತ್ರ ಉಳಿದಿದ್ದ ಒಂದು ನುಡಿ. ಆ ಕಥೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬೀದಿಗಳಲ್ಲಿ ನಡೆದರೆ ಕಲ್ಲುಗಳು ಮಾತನಾಡತೊಡಗುತ್ತವೆ.

ಈ ಊರಿನಲ್ಲಿ ಕಾಲಿಟ್ಟೊಡನೆ ಮೊದಲು ಓದಬೇಕಾದದ್ದು ಬೀದಿಯ ನಾಮಫಲಕ. ಪ್ರತಿಯೊಂದು ಫಲಕದಲ್ಲಿಯೂ ಎರಡು ಹೆಸರುಗಳಿರುತ್ತವೆ: ಮೇಲೆ ಫಿನ್ನಿಶ್, ಕೆಳಗೆ ಸ್ವೀಡಿಷ್. ಊರಿನ ಹೆಸರೇ ಎರಡು. ಫಿನ್ನಿಶ್ ಮಾತಿನವರಿಗೆ ಇದು ಹೆಲ್ಸಿಂಕಿ, ಸ್ವೀಡಿಷ್ ಮಾತಿನವರಿಗೆ ಹೆಲ್ಸಿಂಗ್‌ಫೋರ್ಸ್. ಇಂದು ಫಿನ್‌ಲೆಂಡಿನಲ್ಲಿ ಸ್ವೀಡಿಷನ್ನು ತಾಯ್ನುಡಿಯಾಗಿ ಉಳ್ಳವರು ನೂರಕ್ಕೆ ಸುಮಾರು ಐದು ಮಂದಿ ಮಾತ್ರ. ಆದರೂ ಎರಡೂ ರಾಷ್ಟ್ರಭಾಷೆಗಳೆಂದು 1919ರ ರಾಜ್ಯಾಂಗವೂ 1922ರ ಭಾಷಾಶಾಸನವೂ ನಿಶ್ಚಯಿಸಿದವು. ಆ ನಿಶ್ಚಯ ಇಂದಿಗೂ ನಡೆದುಬಂದಿದೆ.

ಈ ಎರಡು ನುಡಿಗಳಿಗೆ ನೆರೆಹೊರೆಯ ಸಂಬಂಧವಿದೆಯೇ ಹೊರತು ರಕ್ತಸಂಬಂಧವಿಲ್ಲ. ಸ್ವೀಡಿಷ್ ಜರ್ಮನ್, ಇಂಗ್ಲಿಷ್‌ಗಳ ಬಳಗಕ್ಕೆ ಸೇರಿದ್ದು. ಫಿನ್ನಿಶ್ ಎಸ್ಟೋನಿಯನ್ನಿಗೆ ಹತ್ತಿರದ, ಹಂಗೇರಿಯನ್ನಿಗೆ ದೂರದ ನೆಂಟನಾದ ಬೇರೆಯೇ ಒಂದು ವಂಶದ ಭಾಷೆ. ಅದರ ವ್ಯಾಕರಣವನ್ನು ಕಂಡು ಇಂಗ್ಲಿಷರು ಬೆದರುತ್ತಾರೆ. ಅದರಲ್ಲಿ ಹದಿನೈದು ವಿಭಕ್ತಿಗಳಿವೆ. ಕನ್ನಡಿಗನಿಗೆ ಮಾತ್ರ ಅದರ ನಡೆ ಅಷ್ಟೊಂದು ಅಪರಿಚಿತವೆನಿಸದು. ‘ತಲೊ’ ಎಂದರೆ ಮನೆ. ‘ತಲೊಸ್ಸ’ ಎಂದರೆ ಮನೆಯಲ್ಲಿ. ‘ತಲೊಸ್ತ’ ಎಂದರೆ ಮನೆಯಿಂದ. ಪದದ ಬಾಲಕ್ಕೆ ಪ್ರತ್ಯಯವನ್ನು ಅಂಟಿಸಿ ಅರ್ಥವನ್ನು ಬೆಳೆಸುವ ಈ ರೀತಿ ನಮ್ಮದೂ ಹೌದು. ದ್ರಾವಿಡ ಭಾಷೆಗಳ ತೌಲನಿಕ ವ್ಯಾಕರಣವನ್ನು 1856ರಲ್ಲಿ ಪ್ರಕಟಿಸಿದ ಬಿಷಪ್ ಕಾಲ್ಡ್‌ವೆಲ್ ಇಂಥ ಹೋಲಿಕೆಗಳನ್ನು ಗಮನಿಸಿಯೇ ದ್ರಾವಿಡವನ್ನು ತಾನು ‘ಸಿಥಿಯನ್’ ಎಂದು ಕರೆದ, ಫಿನ್ನಿಶ್ ಬಳಗವನ್ನೂ ಒಳಗೊಂಡ ಒಂದು ದೊಡ್ಡ ಕುಟುಂಬದೊಡನೆ ಜೋಡಿಸಲು ಯತ್ನಿಸಿದನು. ಆ ವಾದವನ್ನು ಇಂದಿನ ವಿದ್ವಾಂಸರು ಒಪ್ಪುವುದಿಲ್ಲ. ನೆಂಟಸ್ತನವಿಲ್ಲದಿದ್ದರೂ ನಡೆಯಲ್ಲಿ ಹೋಲಿಕೆಯಿದೆ ಎಂಬಷ್ಟು ಮಾತ್ರ ನಿಜ.

ನಗರದ ಕಥೆಯನ್ನು ಕಾಲಕ್ರಮದಲ್ಲಿ ನೋಡಬೇಕೆನ್ನುವವರು ಬಂದರಿನ ಮಾರುಕಟ್ಟೆ ಚೌಕದಿಂದ ದೋಣಿ ಹತ್ತಿ ಸುವೊಮೆನ್‌ಲಿನ್ನ ಎಂಬ ದ್ವೀಪದುರ್ಗಕ್ಕೆ ಮೊದಲು ಹೋಗುವುದು ಒಳ್ಳೆಯದು. ಕಾಲು ಗಂಟೆಯ ಪಯಣ. ನಗರದ ಟ್ರಾಮಿಗೆ ಕೊಂಡ ಟಿಕೆಟ್ಟೇ ಈ ಸಾರಿಗೆ ದೋಣಿಗೂ ಸಲ್ಲುತ್ತದೆ. ಸುಮಾರು ಆರು ಶತಮಾನಗಳ ಕಾಲ ಫಿನ್‌ಲೆಂಡ್ ಸ್ವೀಡನ್ನಿನ ಆಳ್ವಿಕೆಯಲ್ಲಿತ್ತು. ಟಾಲಿನ್ನಿನ ವ್ಯಾಪಾರಕ್ಕೆ ಪೈಪೋಟಿ ಕೊಡಲೆಂದು ಗುಸ್ತಾವ್ ವಾಸಾ ದೊರೆ 1550ರಲ್ಲಿ ಹೆಲ್ಸಿಂಕಿಯನ್ನು ಸ್ಥಾಪಿಸಿದನು. ವ್ಯಾಪಾರ ಕುದುರದೆ 1640ರಲ್ಲಿ ಊರನ್ನು ಸಮುದ್ರದ ಕಡೆಗೆ, ಈಗಿರುವ ಸ್ಥಳಕ್ಕೆ ಸರಿಸಬೇಕಾಯಿತು. ರಷ್ಯದ ಭಯದಿಂದ 1748ರಲ್ಲಿ ಈ ಕೋಟೆಯ ಕೆಲಸ ಆರಂಭವಾಯಿತು. ಆಗ ಇದರ ಹೆಸರು ಸ್ವೆಯಾಬೋರ್ಗ್, ಎಂದರೆ ಸ್ವೀಡನ್ನಿನ ಕೋಟೆ. ಅಭೇದ್ಯವೆನಿಸಿದ್ದ ಈ ದುರ್ಗ 1808ರಲ್ಲಿ ರಷ್ಯನ್ನರಿಗೆ ಶರಣಾಯಿತು. ಸ್ವಾತಂತ್ರ್ಯಾನಂತರ, 1918ರಲ್ಲಿ, ಇದಕ್ಕೆ ಸುವೊಮೆನ್‌ಲಿನ್ನ—ಫಿನ್‌ಲೆಂಡಿನ ಕೋಟೆ—ಎಂಬ ಹೊಸ ಹೆಸರು ಬಂದಿತು. ಅದೇ ವರ್ಷದ ಅಂತರ್ಯುದ್ಧದಲ್ಲಿ ಸೋತ ಕೆಂಪು ಪಕ್ಷದವರನ್ನು ಇಲ್ಲಿ ಕೂಡಿಹಾಕಲಾಗಿ, ಹಸಿವಿನಿಂದಲೂ ರೋಗದಿಂದಲೂ ಅನೇಕರು ಸತ್ತರು. ಇಂದು ಈ ದ್ವೀಪಗಳ ಮೇಲೆ ಸುಮಾರು ಎಂಟುನೂರು ಮಂದಿ ಸಂಸಾರ ಹೂಡಿಕೊಂಡಿದ್ದಾರೆ. ಬೇಸಿಗೆಯಲ್ಲಿ ಮಕ್ಕಳು ಹುಲ್ಲು ಬೆಳೆದ ಕೊತ್ತಲಗಳ ಮೇಲೆ ಆಡುತ್ತಾರೆ. ಒಂದೇ ಕೋಟೆಗೆ ಸ್ವೀಡನ್ನಿನ ಹೆಸರು, ರಷ್ಯದ ಕಾವಲು, ಫಿನ್‌ಲೆಂಡಿನ ಹೆಸರು: ಊರಿನ ಇತಿಹಾಸದ ಸಾರವೆಲ್ಲ ಇಲ್ಲಿದೆ.

ದೋಣಿಯಲ್ಲಿ ಮರಳಿ ಬರುವಾಗ ಮಾರುಕಟ್ಟೆಯ ಹಿಂಬದಿಯಲ್ಲಿ ಹಸಿರು ಗುಮ್ಮಟದ ಬಿಳಿಯ ದೇವಾಲಯವೊಂದು ಎತ್ತರದಲ್ಲಿ ಕಾಣಿಸುತ್ತದೆ. ಅದರ ಕೆಳಗಿರುವುದೇ ಸೆನೆಟ್ ಚೌಕ. 1809ರಲ್ಲಿ ಫಿನ್‌ಲೆಂಡನ್ನು ಗೆದ್ದುಕೊಂಡ ರಷ್ಯದ ಒಂದನೆಯ ಅಲೆಕ್ಸಾಂಡರ್ ಅದಕ್ಕೆ ಒಳಾಡಳಿತದ ಸ್ವಾತಂತ್ರ್ಯವನ್ನು ಕೊಟ್ಟನಾದರೂ ಹಳೆಯ ರಾಜಧಾನಿಯಾದ ತುರ್ಕು ಸ್ವೀಡನ್ನಿಗೆ ತೀರ ಹತ್ತಿರವಾಯಿತೆಂದು ಭಾವಿಸಿ 1812ರಲ್ಲಿ ರಾಜಧಾನಿಯನ್ನು ಹೆಲ್ಸಿಂಕಿಗೆ ಬದಲಾಯಿಸಿದನು. 1808ರ ಬೆಂಕಿಯಲ್ಲಿ ಊರಿನ ಬಹುಭಾಗ ಸುಟ್ಟುಹೋಗಿತ್ತು. ಬರಿದಾದ ಆ ನೆಲದ ಮೇಲೆ ಹೊಸ ನಗರವನ್ನು ರೂಪಿಸಿದವನು ಬರ್ಲಿನ್ನಿನಲ್ಲಿ ಹುಟ್ಟಿದ ವಾಸ್ತುಶಿಲ್ಪಿ ಕಾರ್ಲ್ ಲುಡ್ವಿಗ್ ಎಂಗೆಲ್. 1816ರಲ್ಲಿ ಬಂದ ಅವನು 1840ರಲ್ಲಿ ಸಾಯುವವರೆಗೂ ಇಲ್ಲಿಯೇ ದುಡಿದನು. ಚೌಕದ ಒಂದು ಬದಿಗೆ ಸೆನೆಟ್ ಭವನ, ಇನ್ನೊಂದು ಬದಿಗೆ ವಿಶ್ವವಿದ್ಯಾನಿಲಯ, ಮೇಲ್ಗಡೆ ಮಹಾದೇವಾಲಯ: ಆಡಳಿತ, ವಿದ್ಯೆ, ಧರ್ಮಗಳು ಮೂರೂ ಒಂದೇ ಅಂಗಳದಲ್ಲಿ ಎದುರುಬದುರಾಗಿ ನಿಂತಿವೆ. ದೇವಾಲಯ ಪೂರ್ಣಗೊಂಡದ್ದು 1852ರಲ್ಲಿ. ಅದನ್ನು ನೋಡಲು ಎಂಗೆಲ್ ಉಳಿದಿರಲಿಲ್ಲ.

ದೇವಾಲಯದ ಎಡಕ್ಕೆ, ವಿಶ್ವವಿದ್ಯಾನಿಲಯದ ಸಾಲಿನಲ್ಲಿಯೇ ಎಂಗೆಲ್ ರಚಿಸಿದ ಗ್ರಂಥಾಲಯವಿದೆ. ಇಂದು ಅದು ರಾಷ್ಟ್ರೀಯ ಗ್ರಂಥಾಲಯ. ಪುಸ್ತಕಪ್ರಿಯರು ಇದರೊಳಗೆ ಹೋಗದೆ ಮುಂದೆ ನಡೆಯಬಾರದು. ಗುಮ್ಮಟದ ಕೆಳಗಿನ ಕಂಬಸಾಲುಗಳ ಸೊಬಗು ಒಂದು ಕಡೆಗಿರಲಿ. 1828ರಿಂದ 1917ರವರೆಗೆ ರಷ್ಯ ಸಾಮ್ರಾಜ್ಯದಲ್ಲಿ ಅಚ್ಚಾದ ಪುಸ್ತಕಗಳ ಪ್ರತಿಗಳನ್ನು ಪಡೆಯುವ ಹಕ್ಕು ಇದಕ್ಕಿತ್ತು. ಹೀಗಾಗಿ ರಷ್ಯನ್ ಸಾಹಿತ್ಯದ ಸಂಶೋಧಕರು ದೇಶವಿದೇಶಗಳಿಂದ ಇಲ್ಲಿಗೆ ಬರುತ್ತಾರೆ. ಚಕ್ರಾಧಿಪತ್ಯ ಅಳಿಯಿತು; ಅದರ ಪುಸ್ತಕಗಳು ಆಳಿಸಿಕೊಂಡವರ ಮನೆಯಲ್ಲಿ ಭದ್ರವಾಗಿ ಉಳಿದವು.

ಚೌಕದ ನಡುವೆ ನಿಂತಿರುವ ಪ್ರತಿಮೆಯನ್ನು ಕಂಡು ಪ್ರವಾಸಿಗಳು ಬೆರಗಾಗುತ್ತಾರೆ. ಅದು ರಷ್ಯದ ಚಕ್ರವರ್ತಿ ಎರಡನೆಯ ಅಲೆಕ್ಸಾಂಡರನದು. ಸ್ವತಂತ್ರರಾದ ಮೇಲೆಯೂ ಫಿನ್ನರು ಇದನ್ನು ಕೀಳಲಿಲ್ಲವೇಕೆ? ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಕೂಡದೆ ಇದ್ದ ಪ್ರತಿನಿಧಿಸಭೆಯನ್ನು ಈ ದೊರೆ 1863ರಲ್ಲಿ ಮತ್ತೆ ಕರೆದನು. ಅದೇ ವರ್ಷ ಹೊರಡಿಸಿದ ಆಜ್ಞೆಯಿಂದ, ಇಪ್ಪತ್ತು ವರ್ಷಗಳ ಅವಧಿಯಲ್ಲಿ ಕಚೇರಿ ನ್ಯಾಯಾಲಯಗಳಲ್ಲಿ ಫಿನ್ನಿಶ್ ನುಡಿಗೆ ಸ್ವೀಡಿಷಿನೊಡನೆ ಸಮಾನವಾದ ಸ್ಥಾನ ದೊರೆಯತಕ್ಕದ್ದೆಂದು ಗೊತ್ತಾಯಿತು. ಅಲ್ಲಿಯವರೆಗೆ ಫಿನ್ನಿಶ್ ರೈತನೊಬ್ಬ ತನ್ನ ಹೊಲದ ವ್ಯಾಜ್ಯದ ತೀರ್ಪನ್ನು ತನಗೆ ತಿಳಿಯದ ಭಾಷೆಯಲ್ಲಿ ಪಡೆಯುತ್ತಿದ್ದನು ಎಂಬುದನ್ನು ನೆನೆದರೆ ಆ ಆಜ್ಞೆಯ ಬೆಲೆ ತಿಳಿಯುತ್ತದೆ. ಮುಂದೆ 1899ರಲ್ಲಿ ಎರಡನೆಯ ನಿಕೊಲಾಸ್ ಫಿನ್‌ಲೆಂಡಿನ ಹಕ್ಕುಗಳನ್ನು ಮೊಟಕುಗೊಳಿಸಿದಾಗ ಜನ ಕೂಗಾಡಲಿಲ್ಲ. ಅವನ ಅಜ್ಜನ ಈ ಪ್ರತಿಮೆಯ ಪಾದಕ್ಕೆ ಹೂಗಳನ್ನು ತಂದು ರಾಶಿ ಹಾಕಿದರು. ಒಬ್ಬ ದೊರೆಯನ್ನು ಹೊಗಳುವುದರ ಮೂಲಕವೇ ಇನ್ನೊಬ್ಬನನ್ನು ಪ್ರತಿಭಟಿಸುವ ಈ ಉಪಾಯವನ್ನು ಯಾವ ಪೊಲೀಸರು ತಾನೆ ತಡೆದಾರು?

ಪ್ರತಿಭಟನೆ ಎಂದೆಂದೂ ಹೂವಿನದಾಗಿಯೇ ಉಳಿಯಲಿಲ್ಲ. 1904ರ ಜೂನ್ 16ರಂದು ಎದುರಿನ ಸೆನೆಟ್ ಭವನದಲ್ಲಿಯೇ ರಷ್ಯದ ಗವರ್ನರ್ ಜನರಲ್ ಬೊಬ್ರಿಕೋವನನ್ನು ಯೂಜೆನ್ ಶೌಮನ್ ಎಂಬ ತರುಣ ಗುಂಡಿಟ್ಟು, ತಾನೂ ಗುಂಡು ಹೊಡೆದುಕೊಂಡು ಸತ್ತನು. ಬೊಬ್ರಿಕೋವ್ ಮರುದಿನ ತೀರಿಕೊಂಡನು. ಸಾಹಿತ್ಯದ ವಿದ್ಯಾರ್ಥಿಗಳಿಗೆ ಆ ದಿನಾಂಕ ಪರಿಚಿತವೇ: ಜೇಮ್ಸ್ ಜಾಯ್ಸನ ‘ಯೂಲಿಸಿಸ್’ ಕಾದಂಬರಿ ನಡೆಯುವುದು ಅದೇ ದಿನ, ಡಬ್ಲಿನ್ನಿನಲ್ಲಿ, ಅದರಲ್ಲಿ ಈ ಕೊಲೆಯ ಪ್ರಸ್ತಾಪವೂ ಬಂದಿದೆ. ಪರಭಾಷೆಯ ಆಳ್ವಿಕೆಗೆ ಒಳಗಾಗಿದ್ದ ಎರಡು ನಗರಗಳು ಒಂದು ಪುಸ್ತಕದ ಪುಟದಲ್ಲಿ ಹೀಗೆ ಎದುರಾಗಿವೆ.

ಚೌಕದ ಹಿಂಭಾಗದಲ್ಲಿ ಫಿನ್‌ಲೆಂಡ್ ಬ್ಯಾಂಕಿನ ಮುಂದೆ ಯೋಹಾನ್ ವಿಲ್ಹೆಲ್ಮ್ ಸ್ನೆಲ್‌ಮನ್ನನ ಪ್ರತಿಮೆಯಿದೆ. 1863ರ ಆಜ್ಞೆಗಾಗಿ ಶ್ರಮಿಸಿದವರಲ್ಲಿ ಈ ತತ್ತ್ವಜ್ಞಾನಿ ಮುಖ್ಯನು. ವಿದ್ಯಾವಂತರು ಜನರ ನುಡಿಯನ್ನು ಕಲಿತು ಅದನ್ನೇ ತಮ್ಮದಾಗಿಸಿಕೊಳ್ಳಬೇಕೆಂದು ಅವನು ಜೀವನಪರ್ಯಂತ ವಾದಿಸಿದನು. ಆದರೆ ಆ ವಾದವನ್ನು ಬರೆದದ್ದು ಸ್ವೀಡಿಷಿನಲ್ಲಿ. ಪ್ರತಿಮೆಯ ಪೀಠದಲ್ಲಿ 1944ರ ಬಾಂಬು ದಾಳಿಯ ಗಾಯಗಳನ್ನು ಮುಚ್ಚದೆ ಹಾಗೆಯೇ ಉಳಿಸಿದ್ದಾರೆ. ಕಡೆಯದಾಗಿ ಬಿದ್ದ ಬಾಂಬುಗಳಿಗೂ ಮೊದಲ ಮಾತುಗಳಿಗೂ ಒಂದೇ ಕಲ್ಲು ಸಾಕ್ಷಿಯಾಗಿದೆ.

ಇಲ್ಲಿಂದ ದಕ್ಷಿಣಕ್ಕೆ ನಾಲ್ಕು ಹೆಜ್ಜೆ ಇಳಿದರೆ ಎಸ್ಪ್ಲನಾಡಿ ಎಂಬ ಉದ್ದನೆಯ ಉದ್ಯಾನ. ಇಲ್ಲಿ ಕುಳಿತು ಒಂದು ಬಟ್ಟಲು ಕಾಫಿ ಕುಡಿಯುವುದು ಪ್ರವಾಸಿಯ ಕರ್ತವ್ಯವೇ ಸರಿ. ಫಿನ್ನರು ಜಗತ್ತಿನ ಮಹಾ ಕಾಫಿಪ್ರಿಯರಲ್ಲಿ ಸೇರಿದವರು. ಕಾಫಿಯ ಜೊತೆಗೆ ಕೊಡುವ ‘ಪುಲ್ಲ’ ಎಂಬ ಸಿಹಿ ಬನ್ನಿನಲ್ಲಿ ಏಲಕ್ಕಿಯ ಘಮ ಇರುವುದನ್ನು ಕಂಡು ನಮ್ಮವರಿಗೆ ಊರಿನ ನೆನಪಾದರೆ ಆಶ್ಚರ್ಯವಿಲ್ಲ. ಉದ್ಯಾನದ ನಡುವೆ ರಾಷ್ಟ್ರಕವಿ ರೂನೆಬರ್ಗನ ಪ್ರತಿಮೆಯಿದೆ. 1885ರಲ್ಲಿ ಅವನ ಮಗನೇ ಕೆತ್ತಿದ್ದು. ಫಿನ್‌ಲೆಂಡಿನ ರಾಷ್ಟ್ರಗೀತೆಯನ್ನು ರಚಿಸಿದ ಈ ಕವಿ ಬರೆದದ್ದೂ ಸ್ವೀಡಿಷಿನಲ್ಲಿಯೇ. ಉದ್ಯಾನದ ತುದಿಯಲ್ಲಿ ಸ್ವೀಡಿಷ್ ನಾಟಕಶಾಲೆ ಇಂದಿಗೂ ನಾಟಕಗಳನ್ನಾಡುತ್ತಿದೆ. ಮೂಮಿನ್ ಕಥೆಗಳಿಂದ ಜಗತ್ತಿನ ಮಕ್ಕಳ ಮನಸ್ಸನ್ನು ಗೆದ್ದ ತೂವೆ ಯಾನ್ಸನ್ ಹುಟ್ಟಿದ್ದು ಈ ನಗರದಲ್ಲಿ, 1914ರಲ್ಲಿ. ಆಕೆಯ ಭಾಷೆಯೂ ಸ್ವೀಡಿಷ್. ಅಲ್ಪಸಂಖ್ಯಾತರ ನುಡಿಯನ್ನು ಹೊರಗಿನದೆಂದು ತಳ್ಳಿಬಿಟ್ಟಿದ್ದರೆ ಫಿನ್‌ಲೆಂಡ್ ತನ್ನ ರಾಷ್ಟ್ರಗೀತೆಯನ್ನೇ ಕಳೆದುಕೊಳ್ಳಬೇಕಾಗುತ್ತಿತ್ತು.

ಹಾಗಾದರೆ ಫಿನ್ನಿಶ್ ನುಡಿಗೆ ಸಾಹಿತ್ಯದ ಸಿಂಹಾಸನ ದೊರೆತದ್ದು ಹೇಗೆ? ಅದರ ಉತ್ತರವನ್ನು ಸೆನೆಟ್ ಚೌಕದ ಸಮೀಪದಲ್ಲಿರುವ ಫಿನ್ನಿಶ್ ಸಾಹಿತ್ಯ ಪರಿಷತ್ತಿನ ಮನೆಯಲ್ಲಿ ಹುಡುಕಬೇಕು. ಪರಿಷತ್ತು ಹುಟ್ಟಿದ್ದು 1831ರಲ್ಲಿ. ವಿನೋದವೆಂದರೆ ಅದರ ಮೊದಮೊದಲಿನ ಸಭೆಗಳ ನಡವಳಿಗಳನ್ನು ಬರೆದದ್ದು ಸ್ವೀಡಿಷಿನಲ್ಲಿ. ಫಿನ್ನಿಶ್ ನುಡಿಗೆ ಲಿಪಿಯೂ ಪುಸ್ತಕವೂ ಇರಲಿಲ್ಲವೆಂದಲ್ಲ. ಬಿಷಪ್ ಮಿಕಾಯೆಲ್ ಅಗ್ರಿಕೊಲ 1548ರಲ್ಲಿಯೇ ಹೊಸ ಒಡಂಬಡಿಕೆಯನ್ನು ಅದರಲ್ಲಿ ಅಚ್ಚುಹಾಕಿಸಿದ್ದನು. ಆದರೆ ಧರ್ಮಗ್ರಂಥ, ಪಂಚಾಂಗಗಳನ್ನು ಬಿಟ್ಟು ಹೆಚ್ಚಿಗೆ ಏನೂ ಬೆಳೆದಿರಲಿಲ್ಲ. ಆಗ ಪರಿಷತ್ತಿನ ಸ್ಥಾಪಕರಲ್ಲಿ ಒಬ್ಬನಾದ, ಬಡ ದರ್ಜಿಯ ಮಗ ಎಲಿಯಾಸ್ ಲೋನ್‌ರೋಟ್ ಎಂಬ ವೈದ್ಯ ಕಾಡುಮೇಡುಗಳನ್ನು ಅಲೆದು ಪೂರ್ವದ ಕರೇಲಿಯ ಸೀಮೆಯ ಹಾಡುಗಾರರ ಬಾಯಿಂದ ಹಳೆಯ ಹಾಡುಗಳನ್ನು ಬರೆದುಕೊಂಡನು. ಅವುಗಳನ್ನು ಹೆಣೆದು ಅವನು ಸಿದ್ಧಪಡಿಸಿದ ‘ಕಲೆವಾಲ’ ಮಹಾಕಾವ್ಯವನ್ನು ಪರಿಷತ್ತು 1835ರಲ್ಲಿ ಪ್ರಕಟಿಸಿತು. ಅಚ್ಚಾದದ್ದು 500 ಪ್ರತಿಗಳು. ಅವು ಮಾರಾಟವಾಗಲು ವರ್ಷಗಳೇ ಹಿಡಿದವು. 1849ರಲ್ಲಿ ಹೊರಬಂದ ಹಿಗ್ಗಿಸಿದ ಪಾಠದಲ್ಲಿ 50 ಹಾಡುಗಳು, 22,795 ಸಾಲುಗಳಿವೆ. ಓದಬಲ್ಲವರು ಕಡಿಮೆಯಿದ್ದರೂ ‘ನಮಗೂ ಒಂದು ಮಹಾಕಾವ್ಯವಿದೆ’ ಎಂಬ ಮಾತು ನಾಡಿನಲ್ಲೆಲ್ಲ ಹರಡಿತು. ಮೊದಲ ಮುದ್ರಣದ ಮುನ್ನುಡಿಗೆ ಲೋನ್‌ರೋಟ್ ಸಹಿ ಹಾಕಿದ ಫೆಬ್ರವರಿ 28ನ್ನು ಇಂದಿಗೂ ಕಲೆವಾಲ ದಿನವೆಂದು ಆಚರಿಸುತ್ತಾರೆ.

ಮಹಾಕಾವ್ಯದಿಂದ ಒಂದು ನುಡಿಗೆ ಗೌರವ ಬರಬಹುದು. ಆದರೆ ಅದು ಬದುಕಬೇಕಾದರೆ ಬದುಕಿನ ಗದ್ಯ ಬೇಕು. ಆ ಕೆಲಸ ಮಾಡಿದವನ ಪ್ರತಿಮೆ ರೈಲು ನಿಲ್ದಾಣದ ಪಕ್ಕದ ಚೌಕದಲ್ಲಿ, ರಾಷ್ಟ್ರೀಯ ನಾಟಕಶಾಲೆಯ ಮುಂದಿದೆ. ಅವನ ಹೆಸರು ಅಲೆಕ್ಸಿಸ್ ಕಿವಿ. ಹೆಸರನ್ನು ಕೇಳಿ ಕನ್ನಡಿಗರು ನಗಬಹುದು. ಫಿನ್ನಿಶಿನಲ್ಲಿ ‘ಕಿವಿ’ ಎಂದರೆ ಕಲ್ಲು. ಇವನೂ ಹಳ್ಳಿಯ ದರ್ಜಿಯ ಮಗನೇ. ಹುಟ್ಟುಹೆಸರು ಸ್ಟೆನ್‌ವಾಲ್, ಅದರೊಳಗಿನ ಸ್ವೀಡಿಷ್ ಕಲ್ಲನ್ನು ತೆಗೆದು ಫಿನ್ನಿಶ್ ಕಲ್ಲನ್ನಿಟ್ಟುಕೊಂಡನು. 1870ರಲ್ಲಿ ಪ್ರಕಟವಾದ ಅವನ ‘ಏಳು ಸೋದರರು’ ಫಿನ್ನಿಶ್ ಸಾಹಿತ್ಯದ ಮೊದಲ ಮಹತ್ವದ ಕಾದಂಬರಿ. ಅಕ್ಷರ ಕಲಿಯುವ ಕಾಟದಿಂದ ತಪ್ಪಿಸಿಕೊಂಡು ಕಾಡು ಸೇರಿದ ಏಳು ಒರಟು ಅಣ್ಣತಮ್ಮಂದಿರು ಕೊನೆಗೆ ಅಕ್ಷರ ಕಲಿತು ಊರಿಗೆ ಮರಳುವ ಕಥೆ ಅದು. ಜನರು ಆಡುವ ಮಾತನ್ನು ಅದರ ಒರಟುತನದೊಡನೆಯೇ ಬರೆದದ್ದಕ್ಕಾಗಿ ವಿಶ್ವವಿದ್ಯಾನಿಲಯದ ಫಿನ್ನಿಶ್ ಪ್ರಾಧ್ಯಾಪಕ ಆಲ್ಕ್ವಿಸ್ಟ್ ಅವನನ್ನು ನಿರ್ದಯವಾಗಿ ಖಂಡಿಸಿದನು. ನುಡಿಯನ್ನು ಕಾಪಾಡಲು ನೇಮಕಗೊಂಡವನೇ ಆ ನುಡಿಯ ಜೀವಂತ ಮಾತನ್ನು ಗುರುತಿಸದೆ ಹೋದನು. ಬಡತನದಿಂದಲೂ ಮನೋರೋಗದಿಂದಲೂ ಬಳಲಿದ ಕಿವಿ 1872ರಲ್ಲಿ, ತನ್ನ 38ನೆಯ ವಯಸ್ಸಿನಲ್ಲಿ ತೀರಿಕೊಂಡನು. 1939ರಲ್ಲಿ ಸ್ಥಾಪನೆಯಾದ, ವೈನೊ ಆಲ್ತೊನೆನ್ ರಚಿಸಿದ ಈ ಪ್ರತಿಮೆಯಲ್ಲಿ ಕವಿಯ ಗೆಲುವಿಲ್ಲ. ತಲೆ ತಗ್ಗಿಸಿ ಯೋಚಿಸುತ್ತ ಕುಳಿತ ದಣಿದ ಮನುಷ್ಯನೊಬ್ಬನಿದ್ದಾನೆ. ಅವನು ಹುಟ್ಟಿದ ಅಕ್ಟೋಬರ್ 10 ಇಂದು ಫಿನ್ನಿಶ್ ಸಾಹಿತ್ಯದ ದಿನ.

ಆಮೇಲಿನ ಬೆಳವಣಿಗೆ ತ್ವರಿತವಾದದ್ದು. 1900ರ ಸುಮಾರಿಗೆ ನಗರದಲ್ಲಿ ಫಿನ್ನಿಶ್ ಮಾತನಾಡುವವರ ಸಂಖ್ಯೆ ಸ್ವೀಡಿಷ್ ಮಾತಿನವರನ್ನು ಮೀರಿತು. 1906ರಲ್ಲಿ, ಸ್ನೆಲ್‌ಮನ್ ಹುಟ್ಟಿ ನೂರು ವರ್ಷಗಳಾದ ಸಂದರ್ಭದಲ್ಲಿ, ಹತ್ತಾರು ಸಾವಿರ ಜನ ತಮ್ಮ ಸ್ವೀಡಿಷ್ ಮನೆತನದ ಹೆಸರುಗಳನ್ನು ಬಿಟ್ಟು ಫಿನ್ನಿಶ್ ಹೆಸರುಗಳನ್ನಿಟ್ಟುಕೊಂಡರು. ಅದೇ ವರ್ಷ ವಯಸ್ಕ ಸ್ತ್ರೀಪುರುಷರೆಲ್ಲರಿಗೂ ಮತದಾನದ ಹಕ್ಕೂ ಚುನಾವಣೆಗೆ ನಿಲ್ಲುವ ಹಕ್ಕೂ ದೊರೆತವು. 1907ರಲ್ಲಿ ಆಯ್ಕೆಯಾದ 19 ಮಹಿಳೆಯರು ಜಗತ್ತಿನ ಮೊತ್ತಮೊದಲ ರಾಷ್ಟ್ರೀಯ ಸಂಸತ್ತಿನ ಸದಸ್ಯೆಯರು. 1917ರ ಡಿಸೆಂಬರ್ 6ರಂದು ದೇಶ ಸ್ವತಂತ್ರವಾಯಿತು. ಕೆಂಪು ಕಲ್ಲಿನ 14 ಕಂಬಗಳ ಈಗಿನ ಸಂಸತ್ತಿನ ಭವನ 1931ರದು.

ಆ ಸಂಸತ್ತಿನ ಮೆಟ್ಟಿಲ ಮೇಲೆ ನಿಂತು ಎದುರಿಗೆ ನೋಡಿದರೆ ದೊಡ್ಡ ಹಡಗಿನಂತೆ ಬಾಗಿದ, ಮರದ ಹೊದಿಕೆಯ ಕಟ್ಟಡವೊಂದು ಕಾಣುತ್ತದೆ. ಸ್ವಾತಂತ್ರ್ಯದ ಶತಮಾನೋತ್ಸವಕ್ಕೆ ರಾಷ್ಟ್ರ ತನಗೆ ತಾನೇ ಕೊಟ್ಟುಕೊಂಡ ಉಡುಗೊರೆ ಅದು: 2018ರ ಡಿಸೆಂಬರ್ 5ರಂದು ತೆರೆದ ಸಾರ್ವಜನಿಕ ಗ್ರಂಥಾಲಯ. ಹೆಸರು ‘ಓದಿ’. ಫಿನ್ನಿಶಿನಲ್ಲಿ ಇದಕ್ಕೆ ಪ್ರಗಾಥ, ಹೊಗಳಿಕೆಯ ಹಾಡು ಎಂದರ್ಥ; ಗ್ರಂಥಾಲಯಕ್ಕೆ ಇದಕ್ಕಿಂತ ಒಪ್ಪುವ ಹೆಸರಿಲ್ಲವೆಂದು ಕನ್ನಡಿಗರಿಗೆ ಯಾರೂ ವಿವರಿಸಬೇಕಾಗಿಲ್ಲ. ಮೇಲಂತಸ್ತಿನಲ್ಲಿ ಸುಮಾರು ಒಂದು ಲಕ್ಷ ಪುಸ್ತಕಗಳು. ನಡುವಣ ಅಂತಸ್ತಿನಲ್ಲಿ ಹೊಲಿಗೆ ಯಂತ್ರಗಳು, ಸಂಗೀತದ ಕೋಣೆಗಳು. ಕೆಳಗೆ ಸಭೆ ಸೇರಲು ವಿಶಾಲವಾದ ಸ್ಥಳ. ಒಳಗೆ ಬರಲು ಹಣ ಕೊಡಬೇಕಾಗಿಲ್ಲ, ಯಾರನ್ನೂ ಕೇಳಬೇಕಾಗಿಲ್ಲ. ಇಬ್ಬರು ದರ್ಜಿಗಳ ಮಕ್ಕಳಿಂದ ಬೆಳೆದ ಸಾಹಿತ್ಯದ ಮನೆಯಲ್ಲಿ ಹೊಲಿಗೆ ಯಂತ್ರಕ್ಕೂ ಸ್ಥಳವಿರುವುದು ಉಚಿತವೇ ಆಗಿದೆ. ಒಂದೇ ದಿನದ ಬಿಡುವಿರುವವರು ಬೇರೆ ಏನನ್ನು ಬಿಟ್ಟರೂ ಇದನ್ನು ಬಿಡಬಾರದು.

ಉಳಿದವುಗಳನ್ನು ಬೇಗ ಹೇಳಿ ಮುಗಿಸಬಹುದು. ಬಂಡೆಯನ್ನು ಕೊರೆದು ಅದರೊಳಗೆ ನಿರ್ಮಿಸಿದ, 1969ರ ತೆಂಪೆಲಿಯಾವುಕಿಯೊ ಚರ್ಚು. ಸಂಗೀತಗಾರ ಸಿಬೇಲಿಯಸನ ನೆನಪಿಗೆ ಎಯ್ಲಾ ಹಿಲ್ಟುನೆನ್ ಎಂಬ ಶಿಲ್ಪಿ ಆರುನೂರಕ್ಕೂ ಹೆಚ್ಚು ಉಕ್ಕಿನ ಕೊಳವೆಗಳಿಂದ 1967ರಲ್ಲಿ ರಚಿಸಿದ ಸ್ಮಾರಕ. ಮೈ ಬೆವರಿಸಿ ಮನಸ್ಸನ್ನು ಹಗುರಗೊಳಿಸುವ ಸೌನ—ಇವು ಮೂರೂ ಅನುಭವಿಸತಕ್ಕವು. ಕಲೆವಾಲದ ಚಿತ್ರಗಳಿರುವ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನು ದುರಸ್ತಿ, ವಿಸ್ತರಣೆಗಳಿಗಾಗಿ 2023ರಲ್ಲಿ ಮುಚ್ಚಲಾಯಿತು, ವಿಚಾರಿಸಿಕೊಂಡೇ ಹೋಗಬೇಕು. ಹೋಗುವುದಾದರೆ ಜೂನ್ ತಿಂಗಳು ಉತ್ತಮ. ಆಗ ಹಗಲು ಸುಮಾರು ಹತ್ತೊಂಬತ್ತು ಗಂಟೆ. ಡಿಸೆಂಬರಿನಲ್ಲಿ ಅದು ಆರು ಗಂಟೆಗೂ ಕಡಿಮೆ.

ಗೆದ್ದ ನುಡಿಯ ಕಥೆಯನ್ನು ಕೇಳುವಾಗ ಅದು ತನಗಿಂತ ಚಿಕ್ಕವರನ್ನು ಹೇಗೆ ನಡೆಸಿಕೊಂಡಿತು ಎಂದೂ ಕೇಳಬೇಕು. ಫಿನ್‌ಲೆಂಡಿನ ಉತ್ತರ ತುದಿಯಲ್ಲಿ ಹಿಮಸಾರಂಗಗಳನ್ನು ಸಾಕುವ ಸಾಮಿ ಜನರಿದ್ದಾರೆ. ಸ್ವೀಡಿಷಿನ ಕೆಳಗೆ ತಾನು ಪಟ್ಟ ಪಾಡನ್ನು ಫಿನ್ನಿಶ್ ತನ್ನ ಶಾಲೆಗಳಲ್ಲಿ ಸಾಮಿ ಮಕ್ಕಳಿಗೆ ಉಣಿಸಿತು. ಕಚೇರಿಗಳಲ್ಲಿ ಸಾಮಿ ನುಡಿಗಳನ್ನು ಬಳಸುವ ಹಕ್ಕು ಶಾಸನರೂಪದಲ್ಲಿ ಜಾರಿಗೆ ಬಂದದ್ದು 1992ರಲ್ಲಿ. ರಾಜಧಾನಿಯ ರಾಷ್ಟ್ರೀಯ ವಸ್ತುಸಂಗ್ರಹಾಲಯ ತನ್ನಲ್ಲಿದ್ದ ಎರಡು ಸಾವಿರಕ್ಕೂ ಹೆಚ್ಚು ಸಾಮಿ ವಸ್ತುಗಳನ್ನು ಉತ್ತರದ ಇನಾರಿಯಲ್ಲಿರುವ ಸಾಮಿ ಸಂಗ್ರಹಾಲಯಕ್ಕೆ 2021ರಲ್ಲಿ ಹಿಂದಿರುಗಿಸಿತು. ತಡವಾದರೂ ಅದು ಸರಿಯಾದ ಹೆಜ್ಜೆ.

ಕೊನೆಯದಾಗಿ, ಈ ನಗರಕ್ಕೂ ನಮ್ಮ ನಾಡಿಗೂ ಇರುವ ಒಂದು ನಿಜವಾದ ನಂಟನ್ನು ಹೇಳಬೇಕು. ಹಾಡುಗಾರರ ಬಾಯಿಂದ ಕಾವ್ಯವನ್ನು ಬರೆದುಕೊಳ್ಳುವುದು ಹೇಗೆ ಎಂಬುದನ್ನು ಕಲೆವಾಲದಿಂದ ಕಲಿತ ಫಿನ್ನರಲ್ಲಿ ಅದೊಂದು ಶಾಸ್ತ್ರವಾಗಿಯೇ ಬೆಳೆಯಿತು. ಆ ಪರಂಪರೆಯ ವಿದ್ವಾಂಸರಾದ ಲೌರಿ ಹೊಂಕೊ ದಕ್ಷಿಣ ಕನ್ನಡಕ್ಕೆ ಬಂದು, 1990ರಲ್ಲಿ ಗೋಪಾಲ ನಾಯ್ಕರು ಹೇಳಿದ ತುಳುವಿನ ಸಿರಿ ಕಾವ್ಯವನ್ನು, ಬಿ. ಎ. ವಿವೇಕ ರೈ, ಕೆ. ಚಿನ್ನಪ್ಪ ಗೌಡ ಹಾಗೂ ಅನ್ನೆಲಿ ಹೊಂಕೊ ಅವರೊಡಗೂಡಿ ದಾಖಲಿಸಿದರು. 15,683 ಸಾಲುಗಳ ಆ ಕಾವ್ಯ ಇಂಗ್ಲಿಷ್ ಅನುವಾದದೊಡನೆ ಎರಡು ಸಂಪುಟಗಳಲ್ಲಿ ಅಚ್ಚಾಗಿ ಹೊರಬಂದದ್ದು 1998ರಲ್ಲಿ, ಹೆಲ್ಸಿಂಕಿಯಿಂದ. ಗದ್ದೆಯಲ್ಲಿ ದುಡಿಯುವ ಒಬ್ಬ ಹಾಡುಗಾರನ ನೆನಪಿನಲ್ಲಿದ್ದ ಕಾವ್ಯವನ್ನು ಅಷ್ಟು ದೂರದ ನಗರವೊಂದು ಅಷ್ಟು ಶ್ರದ್ಧೆಯಿಂದ ಅಚ್ಚುಹಾಕಿಸಿದ್ದು ಅಕಸ್ಮಾತ್ತಲ್ಲ. ಒಂದು ಕಾಲದಲ್ಲಿ ಅದರ ನುಡಿಯೂ ಹೀಗೆಯೇ ಓದು ಬರಹ ಬಾರದವರ ನೆನಪಿನಲ್ಲಿ ಉಳಿದಿತ್ತು. ಅದನ್ನು ಕೇಳಿ ಬರೆದುಕೊಳ್ಳಲು ಒಬ್ಬ ವೈದ್ಯ ಕಾಡಿಗೆ ನಡೆದು ಹೋಗಬೇಕಾಯಿತು. ಹೆಲ್ಸಿಂಕಿಗೆ ಹೋಗುವ ಕನ್ನಡಿಗರು ಅಲ್ಲಿಯ ಚೌಕ, ಚರ್ಚುಗಳ ಜೊತೆಗೆ ಈ ಸಂಗತಿಯನ್ನೂ ನೆನೆದು ಬರಲಿ. ಊರಿಗೆ ಮರಳಿದ ಮೇಲೆ ತಮ್ಮ ಹಿತ್ತಿಲಿನಲ್ಲಿ ಯಾರಾದರೂ ಹಾಡುತ್ತಿದ್ದಾರೆಯೇ ಎಂದು ಒಂದಿಷ್ಟು ಕಿವಿಗೊಡಲಿ.